ಬೂದುಗುಂಬಳದ ಗಡ್ಡ

ನಮ್ಮವರ ಕ್ಷೌರದ ಕತ್ತಿಯನ್ನು ನಾನು ಮೊದಲ ಸಲ ಬಿಚ್ಚಿ ಕೈಯಲ್ಲಿ ಹಿಡಿದಾಗ ನನಗೆ ಅರವತ್ತೆಂಟು ದಾಟಿತ್ತು. ಮದುವೆಯಾಗಿ ಅಜ್ಜಂಪುರದ ಈ ಮನೆಗೆ ಬಂದ ಮೇಲೆ ಅಲ್ಲಿಯವರೆಗೆ ಒಂದು ದಿನವೂ ಅದನ್ನು ಮುಟ್ಟಿರಲಿಲ್ಲ. ಮುಟ್ಟಬೇಡ ಎಂದು ಯಾರೂ ಅಂದಿರಲಿಲ್ಲ. ಅದು ಗಂಡಸರ ವಸ್ತು, ಜಗುಲಿಯ ಕಿಟಕಿಯ ಮೇಲಿನ ಗೂಡಿನಲ್ಲಿ ಇರುತ್ತಿತ್ತು. ನನ್ನ ಕೈ ಅತ್ತ ಹೋಗುತ್ತಿರಲಿಲ್ಲ.

ಅದನ್ನು ಕೊಂಡವರು ನನ್ನ ಮಾವ. ಅವರ ಕಾಲದಲ್ಲಿ ನಮ್ಮ ಕೇರಿಗೆ ಕ್ಷೌರದವರು ಬರುತ್ತಿರಲಿಲ್ಲ. ಬರಲು ಅವರನ್ನು ಬಿಡುತ್ತಲೂ ಇರಲಿಲ್ಲ. ನಮ್ಮ ಜನರನ್ನು ಮುಟ್ಟಿದ ಕತ್ತಿ ತಮ್ಮ ಮುಖಕ್ಕೆ ಬರಕೂಡದು ಎಂದು ಊರಿನ ದೊಡ್ಡವರು ಕಟ್ಟು ಮಾಡಿದ್ದರು. ಮಾವ ಒಂದು ದಿನ ಕಡೂರಿನ ಸಂತೆಗೆ ಹೋಗಿ ಕೊಂಬಿನ ಹಿಡಿಯ ಈ ಕತ್ತಿಯನ್ನು ತಂದರು. ನೀರು ತುಂಬಿದ ಬಾನಿಯಲ್ಲಿ ಮುಖ ನೋಡಿಕೊಂಡು ತಾವೇ ಕಲಿತರಂತೆ. ಆಮೇಲೆ ಇಡೀ ಕೇರಿಯ ಗಂಡಸರಿಗೆ ಅವರೇ ಗಡ್ಡ ತೆಗೆಯುತ್ತಿದ್ದರು. ಮಗ ಅಂಜಿನಪ್ಪನಿಗೆ ಮೀಸೆ ಮೂಡಿದಾಗ ಕತ್ತಿ ಅವನ ಕೈಗೆ ಬಂತು. ಆ ಅಂಜಿನಪ್ಪನವರೇ ನಮ್ಮವರು.

ನಮ್ಮವರು ರೈಲ್ವೆಯಲ್ಲಿ ಕೀಮನ್ ಆಗಿದ್ದರು. ಶಿವನಿಯ ಕಡೆಗೆ ಹಳಿ ನೋಡುತ್ತ, ಸಡಿಲವಾದದ್ದನ್ನು ಬಿಗಿಯುತ್ತ ನಡೆದೇ ಆಯುಸ್ಸು ಕಳೆದವರು. ಎಷ್ಟೇ ಹೊತ್ತಿಗೆ ಡ್ಯೂಟಿ ಇರಲಿ, ಕಿಟಕಿಗೆ ಕನ್ನಡಿ ಸಿಕ್ಕಿಸಿ ಗಡ್ಡ ತೆಗೆದುಕೊಳ್ಳದೆ ಹೊಸಿಲು ದಾಟುತ್ತಿರಲಿಲ್ಲ. ಊರಿಗೆ ಸಲೂನುಗಳು ಬಂದವು. ಈಗ ಅಲ್ಲಿ ಯಾರು ಯಾವ ಕೇರಿಯವರು ಎಂದು ಕೇಳುವವರಿಲ್ಲ. ಆದರೂ ಇವರು ಹೋಗಲಿಲ್ಲ. "ನಮ್ಮಪ್ಪ ನನ್ ಮುಖಾನ ನನ್ ಕೈಗೇ ಕೊಟ್ಟು ಹೋಗಿದಾನೆ. ಇನ್ನೊಬ್ರ ಕೈಗೆ ಯಾಕೆ ಕೊಡ್ಲಿ?" ಎನ್ನುತ್ತಿದ್ದರು.

ಹೋದ ದೀಪಾವಳಿ ಮುಗಿದ ವಾರ ಅವರಿಗೆ ಲಕ್ವ ಹೊಡೆಯಿತು. ತರೀಕೆರೆಯ ಆಸ್ಪತ್ರೆಯವರು ಚೆನ್ನಾಗಿ ನೋಡಿಕೊಂಡರು. ಕಾಲು ಬಂತು, ಮಾತು ನಿಧಾನವಾಗಿ ಬಂತು. ಬಲಗೈ ಬರಲಿಲ್ಲ. ಬಲಗೆನ್ನೆ ಜೋತುಬಿತ್ತು, ಆ ಕಡೆಯ ತುಟಿ ಸ್ವಲ್ಪ ಕೆಳಗಿಳಿಯಿತು.

ಗಡ್ಡ ಮಾತ್ರ ಯಾವ ಕಾಯಿಲೆಯನ್ನೂ ಲೆಕ್ಕಿಸದೆ ಬೆಳೆಯಿತು. ಮಗ ಹೊನ್ನೇಶ ತನ್ನ ಟ್ರಿಮ್ಮರ್ ತಂದು ಓಡಿಸಿದ. ಅಲ್ಲಲ್ಲಿ ತೇಪೆ ಹಾಕಿದ ಹಾಗಾಯಿತು. ಬಿಸಾಡುವ ರೇಜರಿನಿಂದ ಕೆರೆದರೆ ಕೂದಲು ಚರ್ಮದೊಳಗೇ ಸುರುಳಿಯಾಗಿ ಗುಳ್ಳೆಗಳೆದ್ದವು. ಕೊನೆಗೆ ಹೊನ್ನೇಶ ಒಪ್ಪಿಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೇಮಂತನ ಸಲೂನಿಗೆ ಕರೆದುಕೊಂಡು ಹೋದ. ನಾನೂ ಆಟೋದಲ್ಲಿ ಹೋಗಿದ್ದೆ. ಅಲ್ಲಿನ ದೊಡ್ಡ ಕನ್ನಡಿಯಲ್ಲಿ ಲಕ್ವ ಹೊಡೆದ ಮೇಲೆ ಇವರು ತಮ್ಮ ಮುಖವನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಹಿಂದೆ ಬೆಂಚಿನಲ್ಲಿ ಕಾಯುತ್ತಿದ್ದ ಹುಡುಗರೂ ಕನ್ನಡಿಯಲ್ಲಿ ಕಾಣುತ್ತಿದ್ದರು. ನೊರೆ ಹಚ್ಚಿ ಮುಗಿಯುವ ಮೊದಲೇ ಇವರು ಎದ್ದುಬಿಟ್ಟರು. ಕೊರಳಿನ ಬಟ್ಟೆಯ ಸಮೇತ ಹೊರಗೆ ಬಂದು ಆಟೋ ಹತ್ತಿ ಕೂತರು.

ಹೇಮಂತ ಹಿಂದೆಯೇ ಬಂದ. ಇವರು ಮರೆತು ಬಂದ ಊರುಗೋಲನ್ನು ಆಟೋದೊಳಗಿಟ್ಟ. ಕೊರಳಿನ ಬಟ್ಟೆ ಬಿಚ್ಚಿಕೊಂಡು, ತನ್ನ ಹೆಗಲ ಮೇಲಿನ ಟವೆಲಿನಿಂದ ಅವರ ಕಿವಿಯ ಹಿಂದಿನ ನೊರೆ ಒರೆಸಿದ. ಆ ಹುಡುಗ ಹಾಗೆ ಒರೆಸಿದ್ದು ನನ್ನ ಮನಸ್ಸಿನಲ್ಲಿ ಉಳಿಯಿತು.

ಅಂದಿನಿಂದ ಇವರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಯಾರಾದರೂ ಬಂದರೆ ಟವೆಲ್ಲನ್ನು ಗಲ್ಲದ ತನಕ ಎಳೆದುಕೊಳ್ಳುತ್ತಿದ್ದರು.

ಹೀಗಿರುವಾಗ ಜಯಂತಿ ಸಮಿತಿಯವರು ಬಂದರು. ನಮ್ಮ ಊರಿನಲ್ಲಿ ಏಪ್ರಿಲ್ ಹದಿನಾಲ್ಕರ ಅಂಬೇಡ್ಕರ್ ಜಯಂತಿಯಂದು ವೇದಿಕೆಯ ಮೇಲೆ ಸಂವಿಧಾನದ ಪೀಠಿಕೆ ಓದುವವರು ನಮ್ಮವರೇ. ಬಹಳ ವರ್ಷಗಳಿಂದ ಅದು ಅವರದೇ ಕೆಲಸ. ಮೈಕು ಕೈಕೊಟ್ಟರೂ ಕೊನೆಯ ಸಾಲಿನವರಿಗೆ ಕೇಳಿಸುವ ಧ್ವನಿ.

"ಈ ಸಲಾನೂ ನೀವೇ ಓದ್ಬೇಕು ಅಂಜಿನಪ್ಪಣ್ಣ."

"ಈ ಮುಖ ಇಟ್ಕಂಡಾ?" ಎಂದರು ಇವರು ಟವೆಲಿನೊಳಗಿಂದ. "ಗಡ್ಡ ಬಿಟ್ಕಂಡು ಆ ವೇದಿಕೆ ಹತ್ತಲ್ಲ. ಬ್ಯಾರೆ ಯಾರ್ನಾದ್ರೂ ನೋಡ್ಕಳ್ರಪ್ಪ."

ಸಮಿತಿಯವರು ಬೇರೆ ಯಾರನ್ನೂ ಹುಡುಕುವುದಿಲ್ಲ, ಕಾಯುತ್ತೇವೆ ಎಂದು ಹೇಳಿ ಹೋದರು. ಅವರು ಹೋದ ಮೇಲೆ ನಾನು ಜಗುಲಿಗೆ ಬಂದು ಗೂಡಿನ ಮುಂದೆ ನಿಂತೆ.

"ರೀ, ಕತ್ತಿ ಇದರಲ್ಲೇ ಇದೆಯಾ?"

"ಯಾಕೆ, ನನ್ ಕುತ್ತಿಗೆ ಕೊಯ್ಯಕಾ?"

"ಅಷ್ಟು ಸುಲಭಕ್ಕೆ ಬಿಡ್ತೀನಾ? ಗಡ್ಡ ತೆಗೆಯೋಕೆ. ನೀವು ಹೇಳಿಕೊಡಿ, ನಾನು ಕಲೀತೀನಿ."

ಅವರು ನನ್ನನ್ನೇ ನೋಡಿದರು. "ನಲವತ್ತು ವರ್ಸ ಸಂಸಾರ ಮಾಡಿ ಒಂದಿನಾನೂ ನನ್ ಮಾತು ಕೇಳ್ದೋಳು, ಈಗ ಪಾಠ ಕೇಳ್ತಾಳಂತೆ!"

ಹೊನ್ನೇಶ ಗಾಬರಿಯಾದ. "ಅಮ್ಮ, ಅಪ್ಪ ರಕ್ತ ತೆಳ್ಳಗಾಗೋ ಮಾತ್ರೆ ತಗತಾ ಇದಾರೆ. ಒಂದ್ ಗೀರು ಬಿದ್ರೂ ಬೇಗ ನಿಲ್ಲಲ್ಲ. ತಮಾಷೆ ಅಲ್ಲ ಇದು." ಅವನಿಗೆ ರಕ್ತ ಕಂಡರೆ ತಲೆ ಸುತ್ತುತ್ತದೆ. ಹದಿನೆಂಟಕ್ಕೆ ಅಪ್ಪ ಇದೇ ಕತ್ತಿ ಕೊಟ್ಟಾಗ ಒಂದು ಹನಿ ಕಂಡು ಅಲ್ಲೇ ಕುಸಿದು ಕೂತಿದ್ದ. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಹಾಗಾಗಿ ನಮ್ಮವರೇ ಒಂದು ಕರಾರು ಹಾಕಿದರು: ಮೊದಲು ಬೂದುಗುಂಬಳದ ಮೇಲೆ ಕೈ ಕೂರಬೇಕು. ಸಿಪ್ಪೆಗೆ ಒಂದೇ ಒಂದು ಗೀರೂ ಬೀಳದ ದಿನ ಅವರ ಮುಖಕ್ಕೆ ಅಪ್ಪಣೆ. ಅವರ ಅಪ್ಪ ಅವರಿಗೆ ಕಲಿಸಿದ್ದೂ ಹಾಗೆಯೇ.

ಶಿವನಿಯಲ್ಲಿರುವ ಅವರ ಅಕ್ಕ ಈರಕ್ಕನ ಹಿತ್ತಲಲ್ಲಿ ಬೂದುಗುಂಬಳದ ಬಳ್ಳಿ ಇದೆ. ಹೇಳಿ ಕಳಿಸಿದ್ದೇ ತಡ, ಚೀಲದ ತುಂಬ ಎಳೆಕಾಯಿ ಹೊತ್ತುಕೊಂಡು ತಾನೂ ಬಂದಿಳಿದಳು. ಎಳೆಯ ಬೂದುಗುಂಬಳವನ್ನು ಸವರಿ ನೋಡಿದವರಿಗೆ ಗೊತ್ತು, ಮೈತುಂಬ ಚುಚ್ಚುವ ಕೂದಲು. ಎರಡು ದಿನ ಗಡ್ಡ ಬಿಟ್ಟ ಗಂಡಸಿನ ಕೆನ್ನೆಯೇ.

ಆದರೆ ಕಾಯಿಗೂ ಮೊದಲು ಚರ್ಮದ ಪಟ್ಟಿಯ ಪಾಠ. ಪಟ್ಟಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಬಿಗಿಯಾಗಿ ಎಳೆದು ಹಿಡಿದು, ಕತ್ತಿಯನ್ನು ಅದರ ಮೇಲೆ ಅತ್ತಿಂದಿತ್ತ ಆಡಿಸಿ ಅಲಗನ್ನು ನಯ ಮಾಡಬೇಕು. ನಾನು ಈಳಿಗೆಮಣೆಯ ಅಭ್ಯಾಸದವಳು. ಅಲಗನ್ನೇ ಮುಂದೆ ಮಾಡಿ ನೂಕಿದೆ. ಪಟ್ಟಿಯ ಅಂಚು ಸರ್ರೆಂದು ಸೀಳಿತು.

"ಬೆನ್ನು ಮುಂದೆ ಕಣೇ, ಬೆನ್ನು!" ಅವರ ಮಾತು ಸಿಟ್ಟಿನಲ್ಲಿ ಇನ್ನಷ್ಟು ತೊದಲಿತು. "ಕತ್ತಿ ಬೆನ್ನು ಮುಂದೆ ಹೋಗ್ಬೇಕು, ಅಲಗು ಹಿಂದೆ ಬರ್ಬೇಕು. ತಿರುಗಿಸ್ವಾಗ ಬೆನ್ನ ಮೇಲೆ ಹೊರಳ್ಸು. ಹಳ್ಳಿ ಹುಡುಗ್ರಿಗೆಲ್ಲ ವ್ಯಾಕರಣ ಹೇಳ್ಕೊಟ್ಟೋಳು, ಇಷ್ಟು ಗೊತ್ತಾಗಲ್ವ?"

"ವ್ಯಾಕರಣದಲ್ಲಿ ಯಾರಿಗೂ ರಕ್ತ ಬರಲ್ಲ ಕಣ್ರೀ."

ತಮ್ಮ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು ಆಡಿಸಿ ತೋರಿಸಿದರು. ಆ ಎಡಗೈಗೆ ಬರದ ಕೆಲಸ ಅದು, ಆದರೂ ಅದು ನನ್ನ ಕೈಗೆ ದಾರಿ ತೋರಿಸಿತು. ಬರಬರುತ್ತ ಪಟ್ಟಿಯ ಮೇಲೆ ಕತ್ತಿ ಒಂದೇ ಸಮನಾದ ಸಪ್ಪಳ ಮಾಡತೊಡಗಿತು.

ಆಮೇಲೆ ಕಾಯಿ. ಬಿಸಿನೀರಿನ ಬಟ್ಟೆ ಹೊದಿಸಿ, ಬ್ರಶ್ಶಿನಿಂದ ನೊರೆ ಹಚ್ಚಿ, ಕತ್ತಿಯನ್ನು ತೀರ ಮಲಗಿಸಬಾರದು, ತೀರ ಎಬ್ಬಿಸಲೂಬಾರದು. ಕೂದಲು ಬೆಳೆದ ದಿಕ್ಕಿಗೇ, ಭಾರ ಬಿಡದೆ, ಸಣ್ಣ ಸಣ್ಣದಾಗಿ ಎಳೆಯಬೇಕು. ಅಡ್ಡಡ್ಡ ಸರಿಸಿದರೆ ಮುಗಿಯಿತು. ಮೊದಲ ಕಾಯಿ ಜಗಳವಾಡಿ ಬಂದವನ ಹಾಗಿತ್ತು. ಅದನ್ನು ಈರಕ್ಕ ಎತ್ತಿ ಹಿಡಿದು, "ಪಾಪ, ಯಾವ ಊರಿನ ಗಂಡಪ್ಪ ನೀನು? ನಮ್ ಪಂಕಜಾ ಕೈಗೆ ಎಲ್ಲಿ ಸಿಕ್ಕಾಕ್ಕಂಡೆ?" ಎಂದು ಸಮಾಧಾನ ಹೇಳಿದಳು.

ಕಲಿತ ಕಾಯಿಗಳನ್ನು ಎಸೆಯುವುದುಂಟೇ? ತೊಳೆದು ಹುಳಿ ಮಾಡಿದೆ, ಪಲ್ಯ ಮಾಡಿದೆ, ಮಜ್ಜಿಗೆಹುಳಿ ಮಾಡಿದೆ. ಊಟಕ್ಕೆ ಕೂತಾಗ ಮೊಮ್ಮಗಳು ಪ್ರಜ್ಞಾ ತಟ್ಟೆಗೆ ಮೂಗು ಹಿಡಿದು, "ಅಜ್ಜಿ, ಇವತ್ತಿಂದು ಸೋಪಿನ ವಾಸನೆ ಇಲ್ಲ. ಕೈ ಸುಧಾರಿಸ್ತಾ ಇದೆ," ಎಂದಳು. ಆದರೂ ದಿನವೂ ಎರಡನೇ ಸಲ ಬಡಿಸಿಕೊಂಡು ತಿಂದಳು. ಅವಳಿಗೆ ಬೂದುಗುಂಬಳ ಕಂಡರಾಗದು ಎಂಬುದು ನನಗೆ ಗೊತ್ತು.

ಕೊನೆಗೆ ಒಂದು ಕಾಯಿ ಕೂಸಿನ ತಲೆಯ ಹಾಗೆ ನುಣ್ಣಗೆ ಬಂತು. ಇವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಸವರಿದರು. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಗಲ್ಲ ಎತ್ತಿ ಕೂತರು.

ಅಂದು ಎಡಗೆನ್ನೆ ಮಾತ್ರ, ಸರಿಯಿರುವ ಕಡೆ. ನೊರೆಯ ಜೊತೆ ಬಿಳಿಗಡ್ಡ ಅಲಗಿನ ಮೇಲೆ ಬಂದು ಕೂತಿತು, ಕೆಳಗೆ ನನಗೆ ಗೊತ್ತಿದ್ದ ಕೆನ್ನೆ ಕಂಡಿತು. ಮೀಸೆಯ ತುದಿಯ ಪಕ್ಕ ಒಂದು ಸಣ್ಣ ಚುಕ್ಕೆ ರಕ್ತ. ಹೊನ್ನೇಶ ಮುಖ ತಿರುಗಿಸಿದ. ನಾನು ಬೇಗ ಬಾಟಲಿಯಿಂದ ರಕ್ತ ನಿಲ್ಲಿಸುವ ಸ್ಫಟಿಕದ ಹರಳು ತೆಗೆದು, ಒದ್ದೆ ಮಾಡಿ ಉಜ್ಜಿದೆ. ಒಂದು ಹನಿ ಇಳಿದು ಅವರ ತುಟಿಗೆ ಬಂತು. ಅವರು ನಾಲಗೆ ಚಾಚಿದರು.

"ಇದೇನೇ ಇದು? ಸ್ಫಟಿಕ ಯಾವಾಗಿಂದ ಸಿಹಿ ಆಯ್ತು?"

ನಾನು ಕತ್ತಿಯೊಂದನ್ನು ಬಿಟ್ಟು ಕ್ಷೌರದ ಸಾಮಾನನ್ನೆಲ್ಲ ಅಡುಗೆಮನೆಯ ಗೂಡಿಗೆ ತಂದಿಟ್ಟುಕೊಂಡಿದ್ದೆ. ಅಲ್ಲಿ ಕಲ್ಲುಸಕ್ಕರೆಯ ಬಾಟಲಿಯೂ ಇತ್ತು. ಕೈಯಲ್ಲಿದ್ದದ್ದನ್ನು ನೋಡಿದೆ. ಕಲ್ಲುಸಕ್ಕರೆ! ಒಂದು ನೊಣ ಬಂದು ಅವರ ಕೆನ್ನೆಯ ಮೇಲೆ ಕೂತಿತು. ಇನ್ನೊಂದು ಬಂತು. ನಮ್ಮವರು ನಕ್ಕರು. ಲಕ್ವ ಹೊಡೆದ ಮೇಲೆ ಅವರು ನಕ್ಕಿರಲೇ ಇಲ್ಲ. ನಗು ಒಂದೇ ಕಡೆ ಬಂತು, ಆದರೆ ಹೊಟ್ಟೆ ಪೂರ್ತಿ ಕುಣಿಯಿತು. "ಇಷ್ಟು ವರ್ಸಕ್ಕೆ ಈಗ ಸಿಹಿ ಕಂಡ್ನೇನೇ ನಿಂಗೆ?" ಎಂದರು. ನನಗೆ ನಾಚಿಕೆಯಾಯಿತು, ಮಗನ ಮುಂದೆ.

ಬಲಗೆನ್ನೆ ಹಾಗೆ ನಗಿಸಲಿಲ್ಲ. ಜೋತ ಚರ್ಮ ಕತ್ತಿಯ ಜೊತೆಯಲ್ಲೇ ಸರಿಯುತ್ತಿತ್ತು. ಕೆನ್ನೆ ಉಬ್ಬಿಸಿ ಎಂದರೆ ಗಾಳಿ ತುಟಿಯಿಂದ ಹೊರಗೆ ಹೋಗುತ್ತಿತ್ತು. ಬೆರಳಿನಿಂದ ಎಳೆದು ಹಿಡಿದರೂ ಮಡಿಕೆ ಬಿಡುತ್ತಿರಲಿಲ್ಲ. ಜಯಂತಿ ಎರಡು ದಿನವಿದೆ ಎನ್ನುವಾಗ ಅಲ್ಲಿ ಗೀರು ಬಿತ್ತು. ಈ ಸಲ ಸರಿಯಾದ ಸ್ಫಟಿಕವನ್ನೇ ಹಿಡಿದೆ, ಆದರೂ ರಕ್ತ ನಿಲ್ಲುವಷ್ಟರಲ್ಲಿ ಎರಡು ಕರ್ಚೀಫು ನೆನೆದವು.

"ಸಾಕು ಬಿಡೇ," ಎಂದರು. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಅರ್ಧ ಮುಖ ಆಯ್ತಲ್ಲ, ಮನೇಲಿ ಇರೋಕೆ ಅಷ್ಟು ಸಾಕು." ಟವೆಲ್ಲು ಮತ್ತೆ ಗಲ್ಲಕ್ಕೆ ಏರಿತು.

ಈರಕ್ಕ ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದವಳು ಎದ್ದು ಒಳಗೆ ಹೋದಳು. ಅಟ್ಟದ ಡಬ್ಬಿಗಳನ್ನೆಲ್ಲ ತಡಕಾಡಿ ಒಂದು ಹಿತ್ತಾಳೆಯ ಒಳಲೆ ತಂದಳು. ಹೊನ್ನೇಶನಿಗೆ, ಆಮೇಲೆ ಪ್ರಜ್ಞಾಳಿಗೆ ಕೂಸಾಗಿದ್ದಾಗ ಹಾಲು ಕುಡಿಸಿದ ಒಳಲೆ. ಹೊಟ್ಟೆ ದುಂಡಗೆ, ಅಂಚು ನುಣ್ಣಗೆ.

"ಅಂಜಿನಿ, ಬಾಯಿ ತೆಗಿ."

"ಏನಕ್ಕ, ನಂಗೆ ಹಾಲು ಕುಡಿಸ್ತೀಯಾ?"

"ತೆಗಿಯೋ ಅಂದ್ರೆ." ಒಳಲೆಯ ದುಂಡನೆಯ ಬೆನ್ನನ್ನು ಅವರ ಬಲಗೆನ್ನೆಯ ಒಳಗೆ ಇಟ್ಟು ಮೆಲ್ಲಗೆ ಹೊರಕ್ಕೆ ಒತ್ತಿದಳು. ಜೋತಿದ್ದ ಕೆನ್ನೆ ತುಂಬಿ ನಿಂತಿತು. "ನೋಡೇ ಪಂಕಜಾ, ಬೂದುಗುಂಬಳ ಆಯ್ತು. ಇನ್ನೇನ್ ನಿಂಗೆ ಕಷ್ಟ?"

ಗಾಯ ಆರಲಿ, ಜಯಂತಿಯ ಬೆಳಿಗ್ಗೆಯೇ ಪೂರ್ತಿ ಮಾಡೋಣ ಎಂದು ತೀರ್ಮಾನವಾಯಿತು. ಈರಕ್ಕನ ಸಂತೋಷಕ್ಕೆ ಮಿತಿಯಿರಲಿಲ್ಲ. ಮಾರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಅದೇ ಸಂತೋಷದಲ್ಲಿ ಎಲೆಯಡಿಕೆಗೆ ಕೂತಳು. ಅಡಕತ್ತರಿ ಸಿಗಲಿಲ್ಲ. ಕೈಗೆ ಹತ್ತಿರ ಕಂಡದ್ದು ಕಿಟಕಿಯ ಗೂಡಿನಲ್ಲಿದ್ದ ಕತ್ತಿ. ಗಟ್ಟಿ ಗೋಟಡಿಕೆಯನ್ನು ಅದರಿಂದಲೇ ಸೀಳಿದಳು.

ಕಟ್ ಎಂಬ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು. ಬಂದು ನೋಡಿದರೆ ಅಲಗಿನ ನಡುವೆ ಒಂದು ಮುಕ್ಕು. ಬೆಳಕಿಗೆ ಹಿಡಿದರೆ ಇಲಿ ಕಚ್ಚಿದ ಹಾಗೆ.

ಈರಕ್ಕನ ಬಾಯಿಯಲ್ಲಿದ್ದ ಎಲೆ ಅಲ್ಲೇ ನಿಂತಿತು. "ಅಯ್ಯೋ ನನ್ ಕೈ ಸೇದೋಗ! ನಮ್ಮಪ್ಪನ ಕತ್ತಿ ಕಣೇ ಇದು..." ಎಂದು ಅಳತೊಡಗಿದಳು. ನಮ್ಮವರು ಕತ್ತಿಯನ್ನು ತರಿಸಿಕೊಂಡು ನೋಡಿದರು.

"ಅಡಿಕೆ ಹೆಂಗಿತ್ತಕ್ಕ?" ಎಂದು ಕೇಳಿದರು.

"ಚೆನ್ನಾಗಿತ್ತು," ಎಂದಳು ಈರಕ್ಕ ಬಿಕ್ಕುತ್ತ.

ಅಷ್ಟೇ. ಆದರೆ ಕತ್ತಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ಹೊರಳಿಕೊಂಡರು. ನಾಳೆ ಜಯಂತಿ. ಕಡೂರಿನಲ್ಲಿ ಹೊಸ ಕತ್ತಿ ಸಿಗಬಹುದು ಎಂದು ಹೊನ್ನೇಶ ಅಂದ. ಅವರು ತಿರುಗಿ ನೋಡಲಿಲ್ಲ. ಪ್ರಜ್ಞಾ ನನ್ನ ಕೈಯಿಂದ ಕತ್ತಿಯನ್ನು ತೆಗೆದುಕೊಂಡು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ವಾಪಸ್ಸು ಬಂದಾಗ ಹಿಂದೆ ಹೇಮಂತನಿದ್ದ. ಜಯಂತಿಯ ಹಿಂದಿನ ಸಂಜೆ, ಸಲೂನಿನಲ್ಲಿ ಜನ ಸಾಲುಗಟ್ಟಿರುವ ಹೊತ್ತು. ಷಟರ್ ಅರ್ಧ ಎಳೆದು ಬಂದಿದ್ದ. ಬಟ್ಟೆಯಲ್ಲಿ ಸುತ್ತಿದ್ದ ಮಸೆಗಲ್ಲನ್ನು ಬಿಚ್ಚಿ ಜಗುಲಿಯ ಮೇಲೆ ಕೂತ.

"ಅಜ್ಜಿ, ಒಂದ್ ಲೋಟ ನೀರು. ಇದು ನಮ್ ತಾತನ ಕಲ್ಲು. ಈಗೆಲ್ಲ ಬ್ಲೇಡು ಹಾಕಿ ಬಿಸಾಕೋದು, ಇದಕ್ಕೆ ಕೆಲಸಾನೇ ಇಲ್ಲ. ಅಂಗಡೀಲಿ ಬಾಗ್ಲಿಗೆ ಒತ್ತು ಕೊಟ್ಟಿದ್ದೆ."

ಕಲ್ಲಿನ ಮೇಲೆ ಕತ್ತಿ ಓಡಾಡುವ ಸದ್ದು ಕೇಳಿ ನಮ್ಮವರು ಗೋಡೆಯಿಂದ ಈ ಕಡೆ ಹೊರಳಿದರು. ಊರುಗೋಲು ಹಿಡಿದು ಬಂದು ಹೊಸಿಲ ಮೇಲೆ ನಿಂತರು. ಟವೆಲ್ಲು ಎಳೆದುಕೊಳ್ಳುವುದನ್ನು ಮರೆತಿದ್ದರು.

"ನಿಮ್ ತಾತ ನಂಗೆ ಗೊತ್ತು," ಎಂದರು ನಿಧಾನವಾಗಿ. "ಕೇರಿಯೊಳಗೆ ಬರೋ ಹಂಗಿರ್ಲಿಲ್ಲ. ಹೊಲದ ಬದುವಿನ ಆಚೆ ನಿಂತ್ಕಂಡು ನಮ್ಮಪ್ಪಂಗೆ ಕಲ್ಲು ಹಿಡಿಯೋದು ತೋರ್ಸಿದ್ದ. ನಮ್ಮಪ್ಪ ತಾನೇ ಕಲ್ತೆ ಅಂತ ಊರಿಗೆಲ್ಲ ಹೇಳ್ತಿದ್ದ. ನಿಜ ಹೇಳಿದ್ರೆ ನಿಮ್ ತಾತಂಗೆ ಊರಲ್ಲಿ ಕಷ್ಟ ಆಗೋದು, ಅದಕ್ಕೆ."

ಇದನ್ನು ಅವರು ನನಗೂ ಹೇಳಿರಲಿಲ್ಲ. ಹೇಮಂತ ಕತ್ತಿಯನ್ನು ಎತ್ತಿ ಹಿಡಿದು, ಆ ಕಲ್ಲನ್ನು ಒಮ್ಮೆ ಸವರಿದ. "ನಂಗೂ ಗೊತ್ತಿರ್ಲಿಲ್ಲ ತಾತ," ಎಂದ. ಮತ್ತೆ ಮಸೆದ. ಹೊತ್ತು ಮುಳುಗುವ ಹೊತ್ತಿಗೆ ತನ್ನ ಮುಂಗೈಯ ಕೂದಲಿಗೆ ಅಲಗು ತಾಗಿಸಿ ನೋಡಿದ. ಕೂದಲು ಸುಮ್ಮನೆ ಉದುರಿತು.

"ಹೇಮಂತ, ಬಂದಿದೀಯ, ನೀನೇ ಮಾಡ್ಬಿಡಪ್ಪ," ಎಂದ ಹೊನ್ನೇಶ.

ಹೇಮಂತ ನನ್ನ ಮುಖ ನೋಡಿದ. "ಅಜ್ಜಿ ಕಲ್ತಿದಾರಲ್ಲಣ್ಣ. ನಾನ್ಯಾಕೆ?" ಎಂದು ಕತ್ತಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟ. ಟೀ ಕುಡಿದು, ಈರಕ್ಕ ಕೊಟ್ಟ ಬೂದುಗುಂಬಳವನ್ನು ಕಂಕುಳಲ್ಲಿ ಹಿಡಿದು ಹೋದ.

ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಬರುವ ಹೊತ್ತಿಗೆ ಎಲ್ಲರೂ ಜಗುಲಿಯಲ್ಲಿದ್ದೆವು. ಪಟ್ಟಿಯ ಮೇಲೆ ಕತ್ತಿ ಆಡಿಸಿದೆ. ಬೆನ್ನು ಮುಂದೆ, ಅಲಗು ಹಿಂದೆ. ಎಡಗೆನ್ನೆ ಸಲೀಸಾಗಿ ಮುಗಿಯಿತು. ಬಲಗೆನ್ನೆಗೆ ಬಂದಾಗ ಈರಕ್ಕ ಒಳಲೆ ಹಿಡಿದಳು. ಹೊನ್ನೇಶ ಕನ್ನಡಿ ಹಿಡಿದಿದ್ದ, ಕಣ್ಣು ಮುಚ್ಚಿಕೊಂಡು. ಹಳೆಯ ಗಾಯದ ಅಂಚಿನಲ್ಲಿ ಉಸಿರಿಗಿಂತ ಹಗುರವಾಗಿ ಎಳೆದೆ. ಮೀಸೆಯ ಕೆಳಗೆ, ಜೋತ ತುಟಿಯ ಪಕ್ಕ, ಗಲ್ಲದ ಗುಳಿಯಲ್ಲಿ. ಬಿಸಿಬಟ್ಟೆಯಿಂದ ಒರೆಸಿದಾಗ ಎಲ್ಲಿಯೂ ಒಂದು ಚುಕ್ಕೆ ಕೆಂಪಿರಲಿಲ್ಲ.

"ಕಣ್ಬಿಡೋ ಹೊನ್ನೇಶ," ಎಂದಳು ಈರಕ್ಕ. "ನಿಮ್ಮಪ್ಪ ಬಂದ್ಬಿಟ್ಟ."

ನಮ್ಮವರು ಎಡಗೈಯಿಂದ ಬಲಗೆನ್ನೆಯನ್ನು ಕಿವಿಯಿಂದ ಗಲ್ಲದವರೆಗೆ ಸವರಿದರು. ಮತ್ತೊಮ್ಮೆ ಸವರಿದರು. "ಬಿಳಿ ಅಂಗಿ ತಗಂಬಾ," ಎಂದರು.

ವೇದಿಕೆಯ ಮೆಟ್ಟಿಲನ್ನು ಊರುಗೋಲೂರಿ ತಾವೇ ಹತ್ತಿದರು. ಸಾವಿರ ಮುಖಗಳ ಮುಂದೆ ಆ ಮುಖ ಎತ್ತಿಕೊಂಡು ನಿಂತರು. ಒಂದು ಕಡೆ ಸ್ವಲ್ಪ ಇಳಿದಿದ್ದರೂ ಅದು ನಯವಾಗಿ, ಬಿಸಿಲಿಗೆ ಹೊಳೆಯುತ್ತಿತ್ತು. ಪೀಠಿಕೆ ಓದತೊಡಗಿದರು. ನಿಧಾನ, ಆದರೆ ಅದೇ ಧ್ವನಿ. ನ್ಯಾಯ, ಸ್ವಾತಂತ್ರ್ಯ, ಸಮಾನತೆ ದಾಟಿದವು. ಮುಂದಿನ ಮಾತು ಭ್ರಾತೃತ್ವ. ಮನೆಯಲ್ಲಿ ಓದುವಾಗಲೆಲ್ಲ ನಾಲಗೆ ತೊಡರುತ್ತಿದ್ದ ಮಾತು. ನಿಂತರು. ಚಪ್ಪರದ ಕೆಳಗಿದ್ದವರೆಲ್ಲ ಕಾದರು, ಯಾರೂ ಆ ಮಾತನ್ನು ಎತ್ತಿಕೊಡಲಿಲ್ಲ. ಹಿಂದಿನ ಸಾಲಿನಲ್ಲಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೇಮಂತ ನಿಂತಿದ್ದ. ನಮ್ಮವರ ಕಣ್ಣು ಅತ್ತ ಹೋಯಿತೋ ಏನೋ. "ಭ್ರಾತೃತ್ವ," ಎಂದರು, ಅಕ್ಷರ ಒಂದೂ ಬಿಡದೆ. ಕೊನೆಯ ಸಾಲಿಗೂ ಕೇಳಿಸಿತು. ಚಪ್ಪಾಳೆಯಲ್ಲಿ ಮುಂದಿನ ವಾಕ್ಯವೇ ಮುಳುಗಿಹೋಯಿತು. ಅವರು ಕಾದು, ಮತ್ತೆ ಮೊದಲಿಂದ ಅದನ್ನು ಓದಿದರು.

"ಯಾರಮ್ಮ ಮಾಡಿದ್ದು ಅಣ್ಣಂಗೆ ಇಷ್ಟು ನೀಟಾಗಿ?" ಎಂದು ಪಕ್ಕದ ಕುರ್ಚಿಯ ಹೆಂಗಸು ಕೇಳಿದಳು.

"ನಾನು," ಎಂದೆ. ಇಷ್ಟು ವರ್ಷಗಳಲ್ಲಿ ಪಾಠ ಮಾಡಿ ಎಷ್ಟೋ ಹೊಗಳಿಕೆ ಕೇಳಿದ್ದೇನೆ, ಆ ಒಂದು ಪದ ಹೇಳಿದಾಗಿನಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಜಗುಲಿಗೆ ಬಂದರೆ ಅವರು ಆಗಲೇ ಕುರ್ಚಿಯನ್ನು ಕಿಟಕಿಗೆ ತಿರುಗಿಸಿ, ಕೊರಳಿಗೆ ಟವೆಲ್ ಸುತ್ತಿಕೊಂಡು ಕೂತಿದ್ದರು.

"ನಿನ್ನೆ ಜಯಂತಿ ಅಂತ ಸುಮ್ನಿದ್ದೆ ಕಣೇ," ಎಂದರು. "ಕಿವಿ ಕೆಳಗೆ ನಾಲ್ಕು ಕೂದ್ಲು ಬಿಟ್ಟಿದೀಯ. ಬೇಗ ಮುಗ್ಸು, ಸ್ಟೇಷನ್ ಕಡೆ ಹೋಗ್ಬರ್ಬೇಕು. ಹಳಿ ನೋಡಿ ಬಾಳ ದಿನ ಆಯ್ತು."

ಲೋಟ ಕೆಳಗಿಟ್ಟು ಪಟ್ಟಿಯನ್ನು ಚಿಲಕಕ್ಕೆ ಸಿಕ್ಕಿಸಿದೆ.